ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಮೋಟಾರ್ ಗ್ಲೈಡರಿನ ಎಂಜಿನ್ ಕೈಕೊಟ್ಟಾಗ

ಬೇಸಿಗೆ ರಜೆಗೆಂದು ಮನೆಮಂದಿಯೆಲ್ಲ ಒಂದು ತಿಂಗಳು ಊರಿಗೆ ಹೋಗಿ ಮರಳಿದ ದಿನ ಹಳೆಯ ಬಜಾಜ್ ಸ್ಕೂಟರ್ ಮಾಡುತ್ತಿದ್ದ ರಗಳೆಯನ್ನು ನಿಮ್ಮ ತಂದೆಯವರನ್ನು ಕೇಳಿ ನೋಡಿ. ಹೊರಡುವ ಹಿಂದಿನ ದಿನ ಒಂದೇ ಒದೆತಕ್ಕೆ ಎದ್ದು ಕೂತ ಗಾಡಿ, ಬಂದ ಮೇಲೆ ಇಪ್ಪತ್ತು ಸಲ ಒದ್ದರೂ ಮಿಸುಕುತ್ತಿರಲಿಲ್ಲ. ಪಕ್ಕಕ್ಕೆ ವಾಲಿಸಿ, ನೆಟ್ಟಗೆ ನಿಲ್ಲಿಸಿ, ಪ್ಲಗ್ ಬಿಚ್ಚಿ ಉಜ್ಜಿ, ಕೊನೆಗೆ ನೆರೆಮನೆಯವರಿಂದ ನೂಕಿಸಿಕೊಂಡು ಓಣಿಯ ತುದಿ ಮುಟ್ಟುವಷ್ಟರಲ್ಲಿ ಅದು ಕೆಮ್ಮುತ್ತ ಚಾಲೂ ಆಗುತ್ತಿತ್ತು. ಆ ಗಾಡಿ ಓಡಿ ಕೆಟ್ಟದ್ದಲ್ಲ, ನಿಂತು ಕೆಟ್ಟದ್ದು.

ನಾನು ಹೇಳಹೊರಟಿರುವುದು ಸ್ಕೂಟರಿನ ಕಥೆಯಲ್ಲ, ಮೋಟಾರ್ ಗ್ಲೈಡರ್ ಎಂಬ ಒಂದು ಬಗೆಯ ವಿಮಾನದ ಕಥೆ. ಆದರೆ ಅದರ ಕಾಯಿಲೆಗಳ ಮೂಲವೂ ಬಹುಮಟ್ಟಿಗೆ ಇದೇ.

ಪುಣೆಯ ಹಡಪ್ಸರದ ಮೈದಾನದಲ್ಲಿ ಗ್ಲೈಡರುಗಳು ಮೇಲೇರುವುದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಉದ್ದನೆಯ ರೆಕ್ಕೆ, ಎಂಜಿನ್ ಇಲ್ಲ. ನೆಲದ ಮೇಲಿನ ವಿಂಚ್ ಉಕ್ಕಿನ ಹಗ್ಗದಿಂದ ಎಳೆದು, ಗಾಳಿಪಟದಂತೆ ಮೇಲಕ್ಕೇರಿಸಿ ಬಿಡುತ್ತದೆ. ಅಲ್ಲಿಂದ ಮುಂದೆ ಬಿಸಿಲಿಗೆ ಕಾದ ನೆಲದಿಂದ ಏಳುವ ಗಾಳಿಯೇ ಗತಿ. ಇಂಥ ಗ್ಲೈಡರಿಗೆ ಸ್ವಂತದ್ದೊಂದು ಎಂಜಿನ್ ಕೂಡಿಸಿದರೆ ಮೋಟಾರ್ ಗ್ಲೈಡರ್ ಆಯಿತು. ತಾನಾಗಿಯೇ ನೆಲ ಬಿಟ್ಟು ಏರುತ್ತದೆ. ಒಳ್ಳೆಯ ಏರುಗಾಳಿ ಸಿಕ್ಕಿದಾಗ ಪೈಲಟ್ ಎಂಜಿನ್ ನಿಲ್ಲಿಸಿ ಹದ್ದಿನಂತೆ ತೇಲುತ್ತಾನೆ. ಬೇಕೆನಿಸಿದಾಗ ಮತ್ತೆ ಚಾಲೂ ಮಾಡುತ್ತಾನೆ. ಇವುಗಳಲ್ಲಿ ಎರಡು ಜಾತಿ. 1963ರಲ್ಲಿ ಹಾರಿದ ಜರ್ಮನಿಯ ಫಾಲ್ಕೆ, 1980ರಲ್ಲಿ ಹಾರಿದ ಆಸ್ಟ್ರಿಯಾದ ಡಿಮೋನಾ ಇವುಗಳಲ್ಲಿ ಎಂಜಿನ್ ಮೂತಿಯಲ್ಲೇ ಕೂತಿರುತ್ತದೆ. ಇನ್ನೊಂದು ಜಾತಿಯಲ್ಲಿ, ಉದಾಹರಣೆಗೆ 1981ರ ಡಿಜಿ-400ರಲ್ಲಿ, ಪ್ರೊಪೆಲ್ಲರ್ ಒಂದು ಕಂಬದ ತುದಿಯಲ್ಲಿದ್ದು, ಬೇಡವಾದಾಗ ಪೈಲಟ್‌ನ ಬೆನ್ನ ಹಿಂದಿನ ಪೆಟ್ಟಿಗೆಯೊಳಗೆ ಮಡಚಿಕೊಳ್ಳುತ್ತದೆ.

ಹಳೆಯ ಫಾಲ್ಕೆಗಳಲ್ಲಿ ಅನೇಕಕ್ಕೆ ಫೋಕ್ಸ್‌ವಾಗನ್ ಕಾರಿನ ಎಂಜಿನ್ನಿನಿಂದ ಹುಟ್ಟಿದ ಎಂಜಿನ್‌ಗಳಿದ್ದವು. 1989ರಲ್ಲಿ ಆಸ್ಟ್ರಿಯಾದ ರೋಟಾಕ್ಸ್ 912 ಬಂದ ಮೇಲೆ ಚಿತ್ರ ಬದಲಾಯಿತು. ನಾಲ್ಕು ಸಿಲಿಂಡರ್, 80 ಅಶ್ವಶಕ್ತಿ. ನಿಮಿಷಕ್ಕೆ 5800 ಸುತ್ತು ತಿರುಗುವ ಈ ಎಂಜಿನ್ ಒಂದು ಗೇರ್‌ಬಾಕ್ಸ್ ಮೂಲಕ ಪ್ರೊಪೆಲ್ಲರನ್ನು ಅದರ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ತಿರುಗಿಸುತ್ತದೆ. ಇದು ನಮಗೆ ದೂರದ ವಸ್ತುವೇನಲ್ಲ. ಬೆಂಗಳೂರಿನ ಎನ್.ಎ.ಎಲ್. ರೂಪಿಸಿ 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿ ಹಾರಿಸಿದ ಹಂಸ-ಎನ್‌ಜಿ ವಿಮಾನದಲ್ಲಿರುವುದು ಇದೇ ವಂಶದ, ಕಾರ್ಬ್ಯುರೇಟರಿನ ಬದಲು ಇಂಜೆಕ್ಷನ್ ಇರುವ ಎಂಜಿನ್. 2015ರಲ್ಲಿ ನಮ್ಮ ರಕ್ಷಣಾ ಇಲಾಖೆ ವಾಯುಪಡೆ, ನೌಕಾಪಡೆ ಹಾಗೂ ಎನ್.ಸಿ.ಸಿ.ಗಳಿಗಾಗಿ ಸ್ಲೊವೇನಿಯಾದಿಂದ 194 ವೈರಸ್ ವಿಮಾನಗಳನ್ನು ತರಿಸಲು ಒಪ್ಪಂದ ಮಾಡಿಕೊಂಡಿತಷ್ಟೆ. (ಹೆಸರು ಕೇಳಿ ಗಾಬರಿಯಾಗಬೇಡಿ!) ಆ ವೈರಸ್ ಹುಟ್ಟಿದ್ದೇ ಸೈನಸ್ ಎಂಬ ಮೋಟಾರ್ ಗ್ಲೈಡರಿನಿಂದ, ಅದರ ಎಂಜಿನ್ನೂ ರೋಟಾಕ್ಸ್ 912. ನಿಮ್ಮಲ್ಲಿ ಎನ್.ಸಿ.ಸಿ. ವಾಯುದಳಕ್ಕೆ ಸೇರಿದವರು ಇದರ ಸದ್ದನ್ನು ಕೇಳಿರಲೂಬಹುದು.

ಮಾಮೂಲಿ ವಿಮಾನದ ಎಂಜಿನ್ ಹಾರಾಟದುದ್ದಕ್ಕೂ ಎಚ್ಚರವಾಗಿರುತ್ತದೆ. ಮೋಟಾರ್ ಗ್ಲೈಡರಿನದು ಹಾಗಲ್ಲ. ಅದು ಹತ್ತು ನಿಮಿಷ ದುಡಿದು ಎರಡು ಗಂಟೆ ಮಲಗುತ್ತದೆ, ಆಕಾಶದಲ್ಲೇ ತಣ್ಣಗಾಗುತ್ತದೆ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಹ್ಯಾಂಗರಿನ ಮೂಲೆಯಲ್ಲಿ ನಿಂತಿರುತ್ತದೆ. ಅಷ್ಟಾದ ಮೇಲೂ ಪೈಲಟ್‌ಗೆ ತೀರಾ ಬೇಕಾದ ಗಳಿಗೆಯಲ್ಲಿ ಒಂದೇ ಕರೆಗೆ ಏಳಬೇಕೆಂದು ನಾವು ಬಯಸುತ್ತೇವೆ.

ಮೂರು ವಾರ ಹಾಳಾದ ಬಗೆ

2017ರ ಚಳಿಗಾಲದ ಮಾತು. ನಾನು ಆಗ ಬಿಡುವಿನ ದಿನಗಳಲ್ಲಿ ಒಂದು ಹಾರಾಟದ ಕ್ಲಬ್ಬಿನ ವಿಮಾನಗಳ ತಪಾಸಣೆ ನೋಡಿಕೊಳ್ಳುತ್ತಿದ್ದೆ. ಅಲ್ಲಿದ್ದ ಎರಡು ಆಸನದ ಮೋಟಾರ್ ಗ್ಲೈಡರ್ ಮಳೆಗಾಲ ಪೂರ್ತಿ ಕದಲಿರಲಿಲ್ಲ. ಹೊರಗೆ ತಂದು ಚಾಲೂ ಮಾಡಿದಾಗ ಮಂದಗತಿಯಲ್ಲಿ ಅದು ಎಷ್ಟು ನಡುಗಿತೆಂದರೆ ಎದುರಿನ ಮಾಪಕಗಳ ಮುಳ್ಳುಗಳೇ ಕಾಣದಾದವು. ಥ್ರಾಟಲ್ ತೆರೆದು 4000 ಸುತ್ತು ದಾಟಿಸಿದರೆ ನಡುಕ ಬಹುತೇಕ ಅಡಗುತ್ತಿತ್ತು.

ಸುತ್ತ ನಿಂತವರೆಲ್ಲ ಪ್ರೊಪೆಲ್ಲರಿನತ್ತ ಬೆರಳು ತೋರಿಸಿದರು. ಅದರ ಒಂದು ಅಲಗಿನ ತುದಿಯಲ್ಲಿ ಕಲ್ಲು ತಾಗಿದ ಸಣ್ಣ ಗಾಯವಿತ್ತು. ಕಣ್ಣಿಗೆ ಕಾಣುವ ಗಾಯ ಯಾವಾಗಲೂ ಒಳ್ಳೆಯ ಅಪರಾಧಿ. ನಾನೂ ಹೌದೆಂದೆ, ಲಾಗ್ ಬುಕ್ಕಿನಲ್ಲಿ "ಪ್ರೊಪೆಲ್ಲರ್ ಸಮತೋಲ ದೋಷ" ಎಂದು ಬರೆದು ಸಹಿ ಹಾಕಿದೆ. ಪ್ರೊಪೆಲ್ಲರ್ ಕಳಚಿ ಬೇರೆ ಊರಿಗೆ ಹೋಯಿತು. ಗಾಯ ತುಂಬಿಸಿಕೊಂಡು, ತೂಗಿಸಿಕೊಂಡು ಮೂರು ವಾರದ ಮೇಲೆ ಮರಳಿತು. ಕೂಡಿಸಿ ಚಾಲೂ ಮಾಡಿದರೆ ನಡುಕ ಮೊದಲಿನಷ್ಟೇ.

ನಮ್ಮ ಕನ್ನಡ ಕುಟುಂಬವೊಂದರ ಹತ್ತೊಂಬತ್ತರ ಹುಡುಗಿ ಅಲ್ಲಿ ಹಾರಲು ಕಲಿಯುತ್ತಿದ್ದಳು. ಮೂರು ಭಾನುವಾರ ಬಂದು ಬರಿಗೈಯಲ್ಲಿ ಮರಳಿದ್ದಳು. ಕ್ಲಬ್ಬಿನ ಹಿರಿಯರೊಬ್ಬರಿಗೆ ಕನಿಕರ ಉಕ್ಕಿ, "ಗ್ಲೈಡರ್ ತಾನೆ? ಎಂಜಿನ್ ನಿಂತರೆ ತೇಲಿಕೊಂಡು ಬಂದರಾಯಿತು, ಹಾರಿಸಿ" ಎಂದರು. ಇದು ಕೇಳಲು ಬಹಳ ಸರಿಯಾಗಿ ತೋರುವ ಮಾತು. ಸಾವಿರ ಮೀಟರ್ ಎತ್ತರದಲ್ಲಿ ಸರಿಯೂ ಹೌದು. ಆದರೆ ಆ ರನ್‌ವೇಯ ತುದಿಯಾಚೆ ಮನೆಗಳಿದ್ದವು. ನೆಲ ಬಿಟ್ಟು ಅರವತ್ತು ಮೀಟರ್ ಏರಿದಾಗ ಎಂಜಿನ್ ಸೋತರೆ ಹಿಂತಿರುಗಲು ಎತ್ತರ ಸಾಲದು, ಮುಂದೆ ಇಳಿಯಲು ಬಯಲಿಲ್ಲ. ಎಷ್ಟು ಚೆನ್ನಾಗಿ ತೇಲಿದರೂ ತೇಲಿಕೊಂಡು ಹೋಗುವುದು ಯಾರದೋ ಮಹಡಿಯ ಮೇಲಕ್ಕೆ.

ಹಾರಾಟಕ್ಕೆ ಒಪ್ಪಿಗೆಯ ಸಹಿ ಹಾಕಬೇಕಾದವನು ನಾನು. ಪೆನ್ನು ಕೈಯಲ್ಲಿತ್ತು. ಆಗ ಬಂದವರು ಬೆಳಗಾವಿ ಕಡೆಯ ಮಿಸ್ತ್ರಿ ಕಾಕಾ. ಕ್ಲಬ್ಬಿನ ವಿಂಚ್, ಜೀಪು, ನೀರಿನ ಪಂಪು ಎಲ್ಲವನ್ನೂ ರಿಪೇರಿ ಮಾಡುತ್ತಿದ್ದವರು. ವಿಮಾನಕ್ಕೆ ಕೈಹಚ್ಚುವ ಅಧಿಕಾರ ಅವರಿಗಿರಲಿಲ್ಲ, ಕಿವಿ ಮಾತ್ರ ಇತ್ತು.

"ಸಾಹೇಬ್ರ, ಒಂದ್ ಮಾತ್ ಕೇಳ್ಲೇನ್ರಿ? ಜೋರ್ ಮಾಡಿದ್ರ ಸುಮ್ಮನಾಗತೈತಿ, ಸಣ್ಣ ಮಾಡಿದ್ರ ಕುಣೀತೈತಿ. ಪಂಖಾ ಕೆಟ್ಟಿದ್ರ ಜೋರ್ ಮಾಡಿದಷ್ಟೂ ಜಾಸ್ತಿ ಕುಣೀಬೇಕಲ್ರಿ?"

ನನ್ನ ಕಾಲೇಜಿನ ಓದೆಲ್ಲ ಆ ಒಂದು ಪ್ರಶ್ನೆಯ ಮುಂದೆ ಮಂಕಾಯಿತು. ತಿರುಗುವ ವಸ್ತುವಿನ ತೂಕ ಒಂದು ಪಕ್ಕಕ್ಕೆ ಹೆಚ್ಚಿದ್ದರೆ, ವೇಗ ಎರಡರಷ್ಟಾದಾಗ ಅದರ ಎಳೆತ ನಾಲ್ಕರಷ್ಟಾಗುತ್ತದೆ. ಇಲ್ಲಿ ಆಗುತ್ತಿದ್ದುದು ಅದಕ್ಕೆ ತದ್ವಿರುದ್ಧ.

ಎಂಜಿನ್ನಿನ ಮೇಲಿನ ಮುಚ್ಚಳ ತೆಗೆದೆವು. ಈ ಎಂಜಿನ್ನಿಗೆ ಎರಡು ಕಾರ್ಬ್ಯುರೇಟರುಗಳು, ಪಕ್ಕಕ್ಕೊಂದರಂತೆ. ಒಂದೊಂದೂ ತನ್ನ ಪಕ್ಕದ ಎರಡು ಸಿಲಿಂಡರಿಗೆ ಉಣಿಸುತ್ತದೆ. ಪ್ರತಿ ಕಾರ್ಬ್ಯುರೇಟರನ್ನೂ ಎಂಜಿನ್ನಿಗೆ ಹಿಡಿದಿಡುವುದು ಅಂಗೈಯಲ್ಲಿ ಅಡಗುವಷ್ಟು ದೊಡ್ಡ ರಬ್ಬರಿನ ಬಳೆ. ಹುಡುಗಿ ಟಾರ್ಚ್ ಹಿಡಿದಳು. ನಾನು ಎಡಗಡೆಯ ಕಾರ್ಬ್ಯುರೇಟರನ್ನು ಸ್ವಲ್ಪ ಅಲುಗಿಸಿದೆ. ಮೇಲಿನಿಂದ ನುಣುಪಾಗಿ ಕಾಣುತ್ತಿದ್ದ ರಬ್ಬರಿನ ತಳಭಾಗ ಮೀನಿನ ಬಾಯಿಯಂತೆ ತೆರೆದುಕೊಂಡಿತು.

"ಬಾಯಿ ಬಿಟ್ಟು ಹೇಳ್ತು ನೋಡವಾ ತಂಗಿ" ಎಂದರು ಕಾಕಾ.

ಆ ಬಿರುಕಿನಿಂದ ಒಳನುಗ್ಗಿದ ಗಾಳಿಗೆ ಲೆಕ್ಕವಿಲ್ಲ, ಅದಕ್ಕೆ ತಕ್ಕ ಪೆಟ್ರೋಲೂ ಇಲ್ಲ. ಮಂದಗತಿಯಲ್ಲಿ ಥ್ರಾಟಲ್ ಮುಚ್ಚಿರುವುದರಿಂದ ಒಳಗಿನ ಹೀರುವ ಬಲ ಹೆಚ್ಚು, ಬಿರುಕಿನಿಂದ ಬರುವ ಗಾಳಿಯ ಪಾಲೂ ಹೆಚ್ಚು. ಹಾಗಾಗಿ ಎಡಪಕ್ಕದ ಸಿಲಿಂಡರುಗಳು ಅರೆಹೊಟ್ಟೆಯಲ್ಲಿ ದುಡಿಯುತ್ತಿದ್ದವು. ಥ್ರಾಟಲ್ ತೆರೆದಾಗ ಆ ಬಲ ಇಳಿಯುತ್ತದೆ, ನಡುಕವೂ ಅಡಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದೆ. ಮೂರು ವಾರ ನಾವು ಮಾಡಿದ್ದು ಅದನ್ನೇ. ಬಿರುಕು ಏರುವ ಹೊತ್ತಿನಲ್ಲಿ ಹರಿದು ಕಾರ್ಬ್ಯುರೇಟರ್ ಕಳಚಿಕೊಂಡಿದ್ದರೆ ಎರಡು ಸಿಲಿಂಡರುಗಳು ಒಟ್ಟಿಗೆ ಸಾಯುತ್ತಿದ್ದವು. ಈ ಎಂಜಿನ್ನಿನ ರಬ್ಬರ್ ಭಾಗಗಳನ್ನೆಲ್ಲ ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕೆಂಬುದು ನಿಯಮ. ಆ ಬಳೆಗೆ ಏಳು ವರ್ಷವಾಗಿತ್ತು. ಹಿಂದಿನ ವಾರ್ಷಿಕ ತಪಾಸಣೆಯ ಪುಟ ತಿರುವಿದೆ. ಅಲ್ಲಿದ್ದುದು ನನ್ನದೇ ಸಹಿ.

ಕಂಪನದ ಎಣಿಕೆ

ನಡುಕ ಎಂಜಿನ್ನಿನದೋ ಪ್ರೊಪೆಲ್ಲರಿನದೋ ಎಂದು ತಿಳಿಯಲು ಕಾಕಾ ಅವರ ಕಿವಿಯಲ್ಲದೆ ಇನ್ನೊಂದು ದಾರಿಯೂ ಇದೆ. ಅದು ಶುದ್ಧ ಗುಣಾಕಾರ ಭಾಗಾಕಾರ. ಎಂಜಿನ್ 4000 ಸುತ್ತಿನಲ್ಲಿದೆ ಎನ್ನಿ. ಗೇರಿನ ಅನುಪಾತ 2.27. ಆಗ ಪ್ರೊಪೆಲ್ಲರ್ ತಿರುಗುವುದು ನಿಮಿಷಕ್ಕೆ ಸುಮಾರು 1760, ಅಂದರೆ ಸೆಕೆಂಡಿಗೆ 29 ಸುತ್ತು. ಪ್ರೊಪೆಲ್ಲರಿನ ತೂಕ ತಪ್ಪಿದ್ದರೆ ನಡುಕ ಸೆಕೆಂಡಿಗೆ 29. ಎಂಜಿನ್ನಿನ ದಂಡ ಸೆಕೆಂಡಿಗೆ 67 ಸುತ್ತು; ಆದರೆ ಪ್ರತಿ ಸಿಲಿಂಡರ್ ಉರಿಯುವುದು ಎರಡು ಸುತ್ತಿಗೊಮ್ಮೆ. ಆದ್ದರಿಂದ ಒಂದು ಸಿಲಿಂಡರೋ ಒಂದು ಪಕ್ಕವೋ ದುರ್ಬಲವಾಗಿದ್ದರೆ ನಡುಕ ಸೆಕೆಂಡಿಗೆ 33.

ಇಪ್ಪತ್ತೊಂಬತ್ತು, ಮೂವತ್ತಮೂರು. ಕುರ್ಚಿಯಲ್ಲಿ ಕೂತ ಮನುಷ್ಯನ ಬೆನ್ನಿಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಅನುಭವಸ್ಥರೂ ಪ್ರೊಪೆಲ್ಲರನ್ನು ದೂರುವುದಕ್ಕೆ ಇದೊಂದು ಕಾರಣ. ಕಂಪನ ಅಳೆಯುವ ಪುಟ್ಟ ಉಪಕರಣವನ್ನು ಗೇರ್‌ಬಾಕ್ಸಿಗೆ ಕಟ್ಟಿದರೆ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ನಿಮ್ಮ ಜೇಬಿನ ಫೋನಿನೊಳಗೂ ಇಂಥದೊಂದು ಸಂವೇದಕವಿದೆ. ಅದರಿಂದ ಹಾರಾಟದ ನಿರ್ಧಾರ ಮಾಡಬಾರದು. ಆದರೆ ಪಂಪಿನ ಪಕ್ಕದಲ್ಲೋ ಬೈಕಿನ ಸೀಟಿನ ಮೇಲೋ ಇಟ್ಟು ಕಂಪನ ಎಣಿಸುವ ಆಟ ಆಡಬಹುದು.

ಕಂಪನದ ಎಣಿಕೆಗೂ ಮುನ್ನ ಮಾಡುವ ಇನ್ನೊಂದು ಪರೀಕ್ಷೆ ಕಿಡಿಯದು. ಈ ಎಂಜಿನ್ನಿಗೆ ಕಿಡಿ ಕೊಡುವ ಎರಡು ಸ್ವತಂತ್ರ ವ್ಯವಸ್ಥೆಗಳಿವೆ. 4000ದಲ್ಲಿ ಒಂದೊಂದನ್ನಾಗಿ ಆರಿಸಿ ನೋಡಬೇಕು. ಸುತ್ತು 300ಕ್ಕಿಂತ ಹೆಚ್ಚು ಇಳಿದರೆ, ಅಥವಾ ಎರಡರ ಇಳಿತದ ನಡುವೆ ಸುಮಾರು 115ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ದೋಷ ಕಿಡಿಯ ಕಡೆಗಿದೆ. ಏನೇ ಇರಲಿ, ಒಮ್ಮೆಗೆ ಒಂದನ್ನೇ ಬದಲಾಯಿಸಬೇಕು. ಪ್ಲಗ್ಗನ್ನೂ ಕಾರ್ಬ್ಯುರೇಟರನ್ನೂ ಒಂದೇ ದಿನ ಮುಟ್ಟಿದರೆ, ಗುಣವಾದದ್ದು ಯಾವುದರಿಂದ ಎಂಬುದು ಕೊನೆಯವರೆಗೂ ತಿಳಿಯದು.

ನಿಂತು ಕೆಡುವ ಬಗೆಗಳು

ಬ್ಯಾಟರಿಯಿಂದಲೇ ಹೇಳುತ್ತೇನೆ. ಸ್ಟಾರ್ಟರ್ ಒತ್ತಿದರೆ ಪ್ರೊಪೆಲ್ಲರ್ ತಿರುಗುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ. ಎಲ್ಲರೂ ಪೆಟ್ರೋಲ್ ಹುಡುಕುತ್ತಾರೆ. ನಿಜ ಸಂಗತಿಯೆಂದರೆ ನಿಮಿಷಕ್ಕೆ ಸುಮಾರು 220 ಸುತ್ತು ಮುಟ್ಟುವವರೆಗೆ ಈ ಎಂಜಿನ್ನಿನಲ್ಲಿ ಕಿಡಿಯೇ ಹುಟ್ಟುವುದಿಲ್ಲ. ಸೊರಗಿದ ಬ್ಯಾಟರಿ ತಿರುಗಿಸುತ್ತದೆ, ಆದರೆ 220ಕ್ಕೆ ಮುಟ್ಟಿಸುವುದಿಲ್ಲ. ಇನ್ನು ಚೋಕ್. ಈ ಬಗೆಯ ಕಾರ್ಬ್ಯುರೇಟರಿನಲ್ಲಿ ಚೋಕ್ ಕೆಲಸ ಮಾಡುವುದು ಥ್ರಾಟಲ್ ಪೂರ್ತಿ ಮುಚ್ಚಿದ್ದಾಗ ಮಾತ್ರ. ಗಾಬರಿಯಾದ ಮನುಷ್ಯ ಚೋಕ್ ಎಳೆದು ಥ್ರಾಟಲನ್ನೂ ಮುಂದಕ್ಕೆ ತಳ್ಳುತ್ತಾನೆ. ಎಳೆದ ಚೋಕ್ ವ್ಯರ್ಥವಾಗುತ್ತದೆ.

ನಮ್ಮ ದೇಶದ್ದೇ ಆದ ಶತ್ರು ಕಡಜ. ಟ್ಯಾಂಕಿಗೆ ಗಾಳಿ ಬಿಡುವ ಸಣ್ಣ ಕೊಳವೆ ಅದಕ್ಕೆ ಮಣ್ಣಿನ ಗೂಡು ಕಟ್ಟಲು ಹೇಳಿ ಮಾಡಿಸಿದ ಜಾಗ. ಕೊಳವೆ ಕಟ್ಟಿಕೊಂಡರೂ ಎಂಜಿನ್ ಚಾಲೂ ಆಗುತ್ತದೆ, ನೆಲದ ಮೇಲಿನ ಪರೀಕ್ಷೆಯಲ್ಲೂ ಪಾಸಾಗುತ್ತದೆ. ಪೆಟ್ರೋಲ್ ಖರ್ಚಾದಂತೆ ಟ್ಯಾಂಕಿನೊಳಗೆ ಗಾಳಿಯ ಒತ್ತಡ ಇಳಿದು, ಕೆಲವು ನಿಮಿಷದ ಮೇಲೆ, ಬಹುಶಃ ಊರ ಮೇಲಿರುವಾಗ, ಹರಿವು ನಿಲ್ಲುತ್ತದೆ. "ನೆಲದ ಮೇಲೆ ಸರಿಯಿತ್ತು, ಮೇಲೆ ಹೋದ ಮೇಲೆ ನಿಂತಿತು" ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಆ ಕೊಳವೆಯನ್ನು.

ಪೆಟ್ರೋಲಿನ ವಿಷಯ ಈಗ ಇನ್ನಷ್ಟು ಸೂಕ್ಷ್ಮವಾಗಿದೆ. 2025ರ ಹೊತ್ತಿಗೆ ನಮ್ಮ ಬಂಕುಗಳಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್ ದೇಶವಿಡೀ ಹರಡಿದೆ. ರೋಟಾಕ್ಸ್ 912ಕ್ಕೆ ತಯಾರಕರು ಒಪ್ಪಿರುವುದು ಹತ್ತು ಪಾಲಿನವರೆಗೆ ಮಾತ್ರ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನಿಂತ ಟ್ಯಾಂಕಿನಲ್ಲಿ ನೀರು ಹೆಚ್ಚಾದರೆ ಬೇರೆಯಾಗಿ ತಳಕ್ಕಿಳಿಯುತ್ತದೆ. ಎಂಜಿನ್ ಮೊದಲು ಕುಡಿಯುವುದು ತಳದ್ದನ್ನೇ. ವಿಮಾನದ ಪೆಟ್ರೋಲ್ ಹಾಕೋಣವೆಂದರೆ ಅದರಲ್ಲಿ ಸೀಸವಿದೆ. ಅದು ಪ್ಲಗ್ಗಿನಲ್ಲೂ ಎಣ್ಣೆಯಲ್ಲೂ ಕೆಸರಾಗಿ ಕೂರುವುದರಿಂದ ಎಣ್ಣೆಯನ್ನು ಬೇಗಬೇಗ ಬದಲಾಯಿಸಬೇಕು. ಆ ಪೆಟ್ರೋಲನ್ನು ಬಹುಕಾಲ ಹೊರದೇಶದಿಂದ ತರಿಸುತ್ತಿದ್ದೆವು. 2022ರಲ್ಲಿ ಇಂಡಿಯನ್ ಆಯಿಲ್ ಇಲ್ಲಿಯೇ ತಯಾರಿಸತೊಡಗಿತು.

ಕಾರ್ಬ್ಯುರೇಟರಿನೊಳಗಿನ ತೇಲುಬುರುಡೆಗಳದೂ ಒಂದು ಕಥೆಯಿದೆ. ಕೆಲವು ಬುರುಡೆಗಳು ಪೆಟ್ರೋಲ್ ಹೀರಿ ಭಾರವಾಗಿ ಮುಳುಗತೊಡಗುತ್ತವೆ. ಆಗ ಪೆಟ್ರೋಲ್ ಉಕ್ಕಿ ಎಂಜಿನ್ ಕಪ್ಪು ಹೊಗೆ ಕಾರುತ್ತದೆ. ಅಕ್ಕಸಾಲಿಗನ ತಕ್ಕಡಿಯಂಥದರಲ್ಲಿ ಜೋಡಿಯನ್ನು ತೂಗಬೇಕು. ಎರಡೂ ಸೇರಿ 7 ಗ್ರಾಂ ದಾಟಿದರೆ ಬಿಸಾಡಬೇಕು.

ಸೆಕೆಯಲ್ಲಿ ಹಿಮ

ಮುಂಬಯಿಯ ಸೆಕೆಯಲ್ಲಿ ಬೆವರುತ್ತಿರುವವನಿಗೆ ಎಂಜಿನ್ನಿನಲ್ಲಿ ಹಿಮ ಕಟ್ಟಿದೆ ಎಂದರೆ ನಕ್ಕಾನು. ಆದರೆ ಕಾರ್ಬ್ಯುರೇಟರಿನ ಕಿರುದಾರಿಯಲ್ಲಿ ಗಾಳಿ ಹಿಗ್ಗುವಾಗ, ಪೆಟ್ರೋಲ್ ಆವಿಯಾಗುವಾಗ ಅಲ್ಲಿಯ ಉಷ್ಣತೆ ಇಪ್ಪತ್ತು ಡಿಗ್ರಿಗೂ ಹೆಚ್ಚು ಇಳಿಯಬಲ್ಲುದು. ಹೊರಗೆ ಇಪ್ಪತ್ತು ಡಿಗ್ರಿ, ಜೊತೆಗೆ ತೇವದ ಗಾಳಿ ಇದ್ದರೆ ಹಿಮಕ್ಕೆ ಬೇಕಾದಷ್ಟಾಯಿತು. ಥ್ರಾಟಲ್ ಇಳಿಸಿ ಕೆಳಗೆ ಬರುವಾಗ ಅಪಾಯ ಹೆಚ್ಚು. ಸ್ಥಿರ ಕೋನದ ಪ್ರೊಪೆಲ್ಲರ್ ಇದ್ದರೆ ಸುತ್ತು ಮೆಲ್ಲಗೆ ಇಳಿಯುವುದೇ ಸೂಚನೆ. ವೇಗವನ್ನು ತಾನೇ ಕಾಯ್ದುಕೊಳ್ಳುವ ಪ್ರೊಪೆಲ್ಲರ್ ಇದ್ದರೆ ಸುತ್ತಿನ ಮಾಪಕ ಏನೂ ಹೇಳುವುದಿಲ್ಲ. ಅಲಗುಗಳು ತಮ್ಮ ಕೋನ ತಗ್ಗಿಸಿ ಸುತ್ತನ್ನು ಹಿಡಿದಿಟ್ಟಿರುತ್ತವೆ. ಆಗ ನೋಡಬೇಕಾದ್ದು ಒಳಹರಿವಿನ ಒತ್ತಡದ ಮಾಪಕ.

ಮದ್ದು ಬಿಸಿಗಾಳಿಯ ಗುಂಡಿ. ಅದನ್ನೆಳೆದ ಕೂಡಲೇ ಎಂಜಿನ್ ಇನ್ನೂ ಹೆಚ್ಚು ಕೆಮ್ಮುತ್ತದೆ. ಕರಗಿದ ನೀರು ಒಳಗೆ ಹೋಗುತ್ತಿರುತ್ತದೆಯಷ್ಟೆ. ಹೊಸಬರು ಹೆದರಿ ಗುಂಡಿಯನ್ನು ಹಿಂದಕ್ಕೆ ತಳ್ಳಿಬಿಡುತ್ತಾರೆ. ತಾಳಿಕೊಂಡವನ ಎಂಜಿನ್ ಸುಧಾರಿಸುತ್ತದೆ.

ಪ್ರೊಪೆಲ್ಲರಿನ ನಿಜವಾದ ದೋಷಗಳು

ಇಷ್ಟು ಹೇಳಿದ ಮಾತ್ರಕ್ಕೆ ಪ್ರೊಪೆಲ್ಲರ್ ನಿರಪರಾಧಿ ಎಂದಲ್ಲ. ಮೋಟಾರ್ ಗ್ಲೈಡರಿನ ಅನೇಕ ಪ್ರೊಪೆಲ್ಲರುಗಳ ಒಳತಿರುಳು ಮರ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ, ನಮ್ಮ ಹಳೆಯ ಮನೆಗಳ ಬಾಗಿಲಿನಂತೆ. ಶ್ರಾವಣದಲ್ಲಿ ಬಿಗಿದ ಬೋಲ್ಟು ಚೈತ್ರದಲ್ಲಿ ಸಡಿಲವಾಗಿರುತ್ತದೆ. ಆದ್ದರಿಂದ ಋತು ಬದಲಾದಾಗಲೆಲ್ಲ ಬಿಗಿತವನ್ನು ಅಳತೆಯ ಪಾನಾದಿಂದ ನೋಡಬೇಕು. ಎರಡು ಅಲಗುಗಳ ತುದಿ ಒಂದೇ ದಾರಿಯಲ್ಲಿ ಸಾಗುತ್ತವೆಯೇ ಎಂದು ತಿಳಿಯಲು ನೆಲದ ಮೇಲೊಂದು ಕಟ್ಟಿಗೆ ನೆಟ್ಟು, ಕಿಡಿಯ ಎರಡೂ ಸ್ವಿಚ್ ಆರಿಸಿ, ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿದರೆ ಸಾಕು. ಹಾಗೆ ಕೈಯಿಂದ ತಿರುಗಿಸುವಾಗ ಎಣ್ಣೆ ಟ್ಯಾಂಕಿನಲ್ಲಿ "ಗುಳುಕ್" ಎಂಬ ತೇಗು ಕೇಳಿಸುತ್ತದೆ. ಎಂಜಿನ್ನಿನ ತಳದಲ್ಲಿ ಉಳಿದ ಎಣ್ಣೆಯೆಲ್ಲ ಟ್ಯಾಂಕಿಗೆ ಮರಳಿತೆಂದು ಅದರ ಅರ್ಥ. ಆ ತೇಗಿಗೆ ಮುಂಚೆ ಅಳೆದ ಎಣ್ಣೆಯ ಮಟ್ಟ ಸುಳ್ಳು.

ಮೂತಿಯ ಪ್ರೊಪೆಲ್ಲರಿಗೆ ಇನ್ನೊಂದು ಕೆಲಸವಿದೆ. ಎಂಜಿನ್ ನಿಲ್ಲಿಸಿದಾಗ ಅದರ ಅಲಗುಗಳು ಗಾಳಿಗೆ ಅಡ್ಡವಾಗದಂತೆ ನೀಟಾಗಿ ತಿರುಗಿಕೊಳ್ಳಬೇಕು. ಕೊಳೆ, ಒಣಗಿದ ಗ್ರೀಸು, ಸವೆದ ಕೇಬಲ್ ಇದ್ದರೆ ಅರ್ಧದಾರಿಯಲ್ಲೇ ಸಿಕ್ಕಿಕೊಳ್ಳುತ್ತವೆ. ಎಂಜಿನ್ ಮತ್ತೆ ಚಾಲೂ ಮಾಡುವ ಮುನ್ನ ಅವನ್ನು ಹಿಂದಕ್ಕೆ ತಿರುಗಿಸಲು ಮರೆತರೂ ಕಷ್ಟ. ಸ್ಟಾರ್ಟರಿಗೆ ತಡೆಯಲಾರದ ಭಾರ.

ಮಡಚುವ ಜಾತಿಯಲ್ಲಿ ಪಣ ಇನ್ನೂ ದೊಡ್ಡದು. 45 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮಾತ್ರ ಇಳಿಯುವ ಗ್ಲೈಡರ್, ಎಂಜಿನ್ ಕಂಬ ಹೊರಚಾಚಿ ಅದು ಚಾಲೂ ಆಗದೆ ನಿಂತರೆ, ಇಪ್ಪತ್ತಕ್ಕಿಂತ ಕಡಿಮೆಗೆ ಕುಸಿಯಬಹುದು. 300 ಮೀಟರ್ ಎತ್ತರದಿಂದ ಹದಿಮೂರು ಕಿಲೋಮೀಟರ್ ತೇಲಬಲ್ಲೆ ಎಂದುಕೊಂಡವನ ಕೈಯಲ್ಲಿ ಉಳಿಯುವುದು ಐದಾರು. ಅದರಲ್ಲೂ ಗುಂಡಿ ಒತ್ತುತ್ತ, ಬೈಯುತ್ತ, ಮತ್ತೆ ಒತ್ತುತ್ತ ಒಂದಿಷ್ಟು ಎತ್ತರ ಕಳೆಯುತ್ತದೆ. ಎರಡು ಗಂಟೆ ರೇಡಿಯೋವನ್ನೂ ಮಾಪಕಗಳನ್ನೂ ಹೊತ್ತು ದಣಿದ ಬ್ಯಾಟರಿ, ಮೇಲಿನ ಚಳಿಗೆ ತಣಿದ ಎಂಜಿನ್, ಗಾಬರಿಯ ಕೈಯಲ್ಲಿ ತೆರೆದ ಥ್ರಾಟಲ್ ಎಲ್ಲವೂ ಆಗ ಒಟ್ಟಿಗೆ ಸೇರುತ್ತವೆ. ಅದಕ್ಕೇ ಗ್ಲೈಡಿಂಗ್ ಗುರುಗಳ ಕಟ್ಟಪ್ಪಣೆ: ಇಳಿಯಬಲ್ಲ ಬಯಲನ್ನು ಮೊದಲು ಆರಿಸಿಕೊ, ಅದರ ಮೇಲೆ ಎತ್ತರವಿರುವಾಗಲೇ ಎಂಜಿನ್ ಕರೆ. ಅದು ಏಳದಿದ್ದರೆ ಎರಡನೆಯ ಯೋಚನೆಯಿಲ್ಲದೆ ಇಳಿ.

ನಮ್ಮ ಕ್ಲಬ್ಬಿನ ಗ್ಲೈಡರಿಗೆ ಹೊಸ ರಬ್ಬರ್ ಬಳೆಗಳು ಬರಲು ಮತ್ತೆ ಹನ್ನೊಂದು ದಿನ ಹಿಡಿಯಿತು. ಎರಡೂ ಬದಲಾಯಿಸಿದೆವು, ಎರಡು ಕಾರ್ಬ್ಯುರೇಟರುಗಳ ಎಳೆತವನ್ನು ಸಮ ಮಾಡಿದೆವು. ಲಾಗ್ ಬುಕ್ಕಿನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಓದಲು ಬರುವಂತೆ ಒಂದೇ ಗೆರೆ ಎಳೆಯಬೇಕು. "ಪ್ರೊಪೆಲ್ಲರ್ ಸಮತೋಲ ದೋಷ"ದ ಮೇಲೆ ಗೆರೆ ಎಳೆದು, ಕೆಳಗೆ ನಿಜವಾದ ದೋಷವನ್ನೂ ಬಳೆಯ ವಯಸ್ಸನ್ನೂ ಬರೆದು ಸಹಿ ಹಾಕಿದೆ. ಹುಡುಗಿ ಪಕ್ಕದಲ್ಲೇ ನಿಂತು ಓದಿದಳು, ಏನೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಗುರುಗಳ ಜೊತೆ ಹಾರಿದಳು. ಮೈದಾನದ ನೆತ್ತಿಯ ಮೇಲೆ ಒಂಬೈನೂರು ಮೀಟರಿನಲ್ಲಿ ಎಂಜಿನ್ ನಿಲ್ಲಿಸಿದರು. ಸದ್ದು ಅಡಗಿತು. ಕಾಕಾ ವಿಂಚ್ ಬಿಟ್ಟು ಬಂದು, ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತ ನಿಂತರು. ಎರಡು ಸುತ್ತು ತೇಲಿದ ಮೇಲೆ ಸ್ಟಾರ್ಟರಿನ ಕಿರುದನಿ, ಅದರ ಹಿಂದೆಯೇ ಎಂಜಿನ್ನಿನ ಸಮನಾದ ಗುಂಯ್ ಎನ್ನುವ ನಾದ ಕೆಳಗೆ ತಲುಪಿತು. ಕಾಕಾ ಕೈ ಇಳಿಸಿ, "ಹೋಗ್ಲಿ ಬಿಡ್ರಿ, ಚಾ ಕುಡಿಯೂಣು" ಎಂದರು.